ಗದ್ದಿಗೆ ಯಾರಿಗೂ ಬೇಡವಾಯಿತೇ?

ಮಾನ್ಯ ಸಂಪಾದಕರೇ,

ನಮ್ಮ ಮಡಿಕೇರಿಯ ಗದ್ದಿಗೆ, ಅಂದರೆ ಕೊಡಗಿನ ರಾಜರ ಸಮಾಧಿಗಳಿರುವ ಆವರಣದಲ್ಲಿ ಬಾಟಲಿ, ಪೇಪರ್ ಪ್ಲೇಟಿನ ಕಸ ಬಿದ್ದಿರುವ ಬಗ್ಗೆ ಮೊನ್ನೆ ನೀವು ಹಾಕಿದ ಸುದ್ದಿಯನ್ನು ಊರಿನವರೆಲ್ಲ ಓದಿದ್ದಾರೆ. ಪತ್ರಿಕೆಯಲ್ಲಿ ಬಂದ ಮೇಲಾದರೂ ಯಾರಾದರೂ ಬಂದು ನೋಡಿರುತ್ತಾರೆ ಅಂದುಕೊಂಡಿದ್ದೆ. ನಿನ್ನೆ ಭಾನುವಾರ ಹೋದರೆ ಅದೇ ಬಾಟಲಿ, ಅದೇ ಪೇಪರ್ ಪ್ಲೇಟು, ಅದರ ಮೇಲೆ ಹೊಸದಾಗಿ ಇನ್ನೊಂದು ರಾಶಿ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನಿಂದ ನಮ್ಮ ಚಿಕ್ಕಮ್ಮ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅಬ್ಬಿ ಫಾಲ್ಸ್, ರಾಜಾಸೀಟ್ ಎಲ್ಲ ಅವರು ಹಿಂದೆಯೇ ನೋಡಿದ್ದಾರೆ. ಈ ಸಲ ಮಕ್ಕಳಿಗೆ ಕೊಡಗಿನ ರಾಜರ ಕಥೆ ಹೇಳಬೇಕು, ಗದ್ದಿಗೆಗೆ ಹೋಗೋಣ ಅಂದರು. ಹೊರಟಿದ್ದು ಬೆಳಿಗ್ಗೆ. ತಿಮ್ಮಯ್ಯ ಸರ್ಕಲ್‌ನಲ್ಲಿ ಸಿಕ್ಕಿಹಾಕಿಕೊಂಡೆವು. ಮುಂದೆಯೂ ಹೋಗುವ ಹಾಗಿಲ್ಲ, ಹಿಂದೆಯೂ ಹೋಗುವ ಹಾಗಿಲ್ಲ, ಹಾರ್ನ್ ಶಬ್ದಕ್ಕೆ ಸಣ್ಣ ಮಗು ಅಳಲು ಶುರು ಮಾಡಿತು, ಜೊತೆಗೆ ಮಳೆ ಬೇರೆ. ಆಟೋದವರು ಮಹದೇವಪೇಟೆಯಲ್ಲೇ ಇಳಿಸಿ ಮುಂದೆ ಬರಲ್ಲ ಅಂದರು. ಅವರನ್ನು ಬೈದು ಏನು ಪ್ರಯೋಜನ? ರಸ್ತೆಯ ಎರಡೂ ಕಡೆ ಹೊರಗಿನ ಕಾರುಗಳು. ಮಂಡಿನೋವಿನ ಚಿಕ್ಕಮ್ಮ ಕೊಡೆ ಹಿಡಿದುಕೊಂಡು ಏರು ಹತ್ತಿದರು. ದಾರಿಯಲ್ಲಿ ಒಂದು ಶೌಚಾಲಯ ಸಿಗಲಿಲ್ಲ. ವಯಸ್ಸಾದ ಹೆಂಗಸರು ಏನು ಮಾಡಬೇಕು ಅಂತ ಯಾವ ಅಧಿಕಾರಿಯಾದರೂ ಯೋಚಿಸಿದ್ದಾರಾ?

ಮೇಲೆ ಹೋದರೆ ಸಮಾಧಿಯ ಮೆಟ್ಟಿಲ ಮೇಲೆ ಹುಟ್ಟುಹಬ್ಬದ ಕೇಕ್! ಒಂದಷ್ಟು ಹುಡುಗರು, ಜೋರು ಹಾಡು, ನೊರೆ ಸ್ಪ್ರೇ ಗೋಡೆಗೆಲ್ಲ ಮೆತ್ತಿತ್ತು. ಏನಪ್ಪಾ ಇದು ಅಂತ ಕೇಳಿದ್ದಕ್ಕೆ ಒಬ್ಬ, "ಇದು ದೇವಸ್ಥಾನನಾ ಮಸೀದಿನಾ ಆಂಟಿ?" ಅಂದ. ತಮಾಷೆಗೆ ಕೇಳಿದ್ದಲ್ಲ, ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ. ದೂರದಿಂದ ಬಂದವರಿಗೆ ಆ ಗುಮ್ಮಟ ನೋಡಿದರೆ ಹಾಗೆ ಅನ್ನಿಸುವುದು ಸಹಜ ಅಲ್ವಾ?

ಕೊನೆಗೆ ಮಕ್ಕಳಿಗೆ ಹೇಳಬೇಕಿದ್ದ ಕಥೆಯನ್ನು ಆ ಹುಡುಗರಿಗೂ ಸೇರಿಸಿ ಹೇಳಿದೆ. ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ ಇಲ್ಲಿ ಮಲಗಿದ್ದಾರೆ. ಪಕ್ಕದ್ದು ಲಿಂಗರಾಜೇಂದ್ರನದು, 1820ರಲ್ಲಿ ಮಗ ಚಿಕ್ಕ ವೀರರಾಜೇಂದ್ರ ಕಟ್ಟಿಸಿದ್ದು. ಗುಮ್ಮಟ, ಮಿನಾರು ಮುಸ್ಲಿಮರ ಶೈಲಿಯವು. ಆದರೆ ಮೂಲೆಯಲ್ಲಿ ತಲೆಯೆತ್ತಿ ನೋಡಿ, ಬಸವ ಕುಳಿತಿದ್ದಾನೆ. ಕೊಡಗನ್ನು ಆಳಿದ ಈ ಹಾಲೇರಿ ವಂಶದ ರಾಜರು ಲಿಂಗಾಯತರು, ಒಳಗೆ ಪೂಜೆ ಶಿವನಿಗೆ. ಟಿಪ್ಪುವಿನ ಸೈನ್ಯದ ಎದುರು ಹೋರಾಡಿ ಸತ್ತ ಬಿದ್ದಂಡ ಬೋಪುವಿನ ಸಮಾಧಿಯೂ ಅವನ ಮಗ ಸೋಮಯ್ಯನದೂ ಇದೇ ಆವರಣದಲ್ಲಿವೆ. ರಾಜಗುರು ರುದ್ರಪ್ಪನದು 1834ರದ್ದು. ಅದೇ ವರ್ಷ ಇಂಗ್ಲಿಷರು ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಾವು ತೆಗೆದುಕೊಂಡರು. ಅವನು ಕೊನೆಗೆ ತೀರಿಹೋಗಿದ್ದು ಲಂಡನ್ನಿನಲ್ಲಿ. ಅಪ್ಪ, ದೊಡ್ಡಪ್ಪ ಇಲ್ಲಿದ್ದಾರೆ, ಕೊನೆಯ ರಾಜನಿಗೆ ಇಲ್ಲಿ ಜಾಗ ಸಿಗಲಿಲ್ಲ.

ಹುಡುಗರು ಸುಮ್ಮನೆ ಕೇಳಿಸಿಕೊಂಡರು. ಹಾಡು ನಿಲ್ಲಿಸಿದರು. ಒಬ್ಬ ಕೇಕಿನ ಡಬ್ಬಿ ಎತ್ತಿಕೊಂಡ. ಹೇಳುವವರು ಇದ್ದರೆ ಜನ ಕೇಳುತ್ತಾರೆ, ನಾನು ಹೇಳುತ್ತಿರುವುದು ಅಷ್ಟೇ. ಆದರೆ ಹೇಳಬೇಕಾದವರು ಯಾರು? ನಾನಾ? ನನಗೇನು ಸಂಬಳ ಬರುತ್ತದಾ?

ಅಲ್ಲಿಂದಲೇ ಒಂದು ಸರ್ಕಾರಿ ಕಚೇರಿಗೆ ಫೋನ್ ಮಾಡಿದೆ. ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ, ಇಂಥವರನ್ನು ಕೇಳಿ ಅಂದರು. ಅವರನ್ನು ಕೇಳಿದರೆ ಇವತ್ತು ಭಾನುವಾರ, ನಾಳೆ ಮಾಡಿ ಅಂದರು. ಪ್ರವಾಸಿಗರು ಬರುವುದೇ ಶನಿವಾರ ಭಾನುವಾರ! ಆ ಎರಡು ದಿನ ನಿಮಗೆ ರಜೆ ಅಂದರೆ ಈ ಜಾಗಗಳನ್ನು ಕಾಯುವುದು ಯಾರು? ರಾಜಾಸೀಟ್‌ನಲ್ಲಿ ಹೂವಿನ ಗಿಡ ನೆಡುವುದಕ್ಕೆ, ದೀಪ ಹಾಕುವುದಕ್ಕೆ ಮಾತ್ರ ಎಲ್ಲರಿಗೂ ಉತ್ಸಾಹ. ಅಲ್ಲಿ ಫೋಟೊ ಚೆನ್ನಾಗಿ ಬರುತ್ತದಲ್ಲ.

ಇದೇನು ಹೊಸದಲ್ಲ. ಕೋಟೆಯ ಅರಮನೆಗೆ ಏನು ಮಾಡಿದರು ಅಂತ ಊರಿಗೇ ಗೊತ್ತು. ಇದೇ ಹಾಲೇರಿ ವಂಶದ ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ವಾಪಸ್ ಪಡೆದ. 1812ರಿಂದ 1814ರ ಹೊತ್ತಿಗೆ ಲಿಂಗರಾಜೇಂದ್ರ ಅರಮನೆಯನ್ನು ಸರಿ ಮಾಡಿಸಿದ. ಅಂಥ ಕಟ್ಟಡದಲ್ಲಿ ದಶಕಗಳ ಕಾಲ ಸರ್ಕಾರಿ ಕಚೇರಿಗಳನ್ನು ನಡೆಸಿ, ಫೈಲು ತುಂಬಿಸಿ, ಮಾಡು ಸೋರಿದರೂ ನೋಡಿಕೊಂಡು ಕುಳಿತರು. ಅಂಗಳದ ಆ ಎರಡು ಆನೆಗಳ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೊ ತೆಗೆಯುವವರನ್ನು ಯಾರೂ ತಡೆದಿದ್ದು ನಾನು ನೋಡಿಲ್ಲ. ಕೋಟೆಯೊಳಗಿನ 1855ರ ಹಳೇ ಚರ್ಚ್‌ನಲ್ಲಿ ಮ್ಯೂಸಿಯಂ ಇದೆ ಅಂತ ನಮ್ಮೂರ ಮಕ್ಕಳಲ್ಲೇ ಎಷ್ಟು ಜನಕ್ಕೆ ಗೊತ್ತು?

ಮನಸ್ಸು ಮಾಡಿದರೆ ಆಗುತ್ತದೆ. ಸೇನಾ ಮುಖ್ಯಸ್ಥರಾಗಿದ್ದ ನಮ್ಮ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್‌ನಲ್ಲೂ ಸರ್ಕಾರಿ ಕಚೇರಿ ಇತ್ತು. ಅದನ್ನು ಎಬ್ಬಿಸಿ ಮ್ಯೂಸಿಯಂ ಮಾಡಿದರು, 2021ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟನೆ ಮಾಡಿದರು. ನೋಡಿದರೆ ಹೆಮ್ಮೆ ಆಗುತ್ತದೆ. ರಾಷ್ಟ್ರಪತಿ ಬಂದರೆ ಮಾತ್ರ ಕೆಲಸ ಆಗುವುದಾ? ಹಾಗಾದರೆ ನಮ್ಮ ಬೀದಿಗೂ ಒಮ್ಮೆ ಕರೆಸಬೇಕು. ದೀಪ ಕೆಟ್ಟು ಯಾವ ಕಾಲವಾಯಿತು, ಚರಂಡಿ ನೀರು ರಸ್ತೆ ಮೇಲೇ ಹರಿಯುತ್ತಿದೆ. ಇ-ಖಾತೆಗೆ ಹೋದರೆ ಸರ್ವರ್ ಇಲ್ಲ, ಸರ್ವರ್ ಇದ್ದ ದಿನ ಸಾಹೇಬರು ಮೀಟಿಂಗ್‌ನಲ್ಲಿ. 2018ರಲ್ಲಿ ಗುಡ್ಡ ಕುಸಿದು ಜನ ಮನೆಮಠ ಕಳೆದುಕೊಂಡಾಗ ಇನ್ನು ಮುಂದೆ ಬೆಟ್ಟ ಕಡಿಯಲು ಬಿಡಲ್ಲ ಅಂದವರು ಇದೇ ಅಧಿಕಾರಿಗಳು. ಈಗ ಯಾವ ಕಡೆ ನೋಡಿದರೂ ಹೋಂಸ್ಟೇ, ರೆಸಾರ್ಟ್. ಅಲ್ಲಿಂದ ಬರುವ ಗಾಡಿಗಳೇ ತಾನೇ ನಮ್ಮ ಪೇಟೆಯಲ್ಲಿ ನಿಲ್ಲುವುದು?

ಪ್ರವಾಸಿಗರು ಬರಬಾರದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಮನೆಗಳ ಒಲೆ ಅವರಿಂದಲೇ ಉರಿಯುತ್ತಿದೆ. ಆದರೆ ಇಷ್ಟು ಜನ ಬರುವುದೂ ಬೇಡ. ಗದ್ದಿಗೆಗೆ ಕಾವಲಿಗೆ ಜನ ಇಡಿ, ಕಥೆ ಹೇಳಲು ಯಾರನ್ನಾದರೂ ನೇಮಿಸಿ, ಗಾಡಿಗಳನ್ನು ಊರ ಹೊರಗೇ ನಿಲ್ಲಿಸಿ, ಇಲ್ಲವಾದರೆ ಭಾನುವಾರ ಬಿಡಲೇಬೇಡಿ. ಏನಾದರೂ ಒಂದು ಮಾಡಿ. ಅದು ನಮ್ಮದಲ್ಲ ಇದು ಅವರದು ಅನ್ನುವುದನ್ನು ಮೊದಲು ಬಿಡಿ.

ಸಂಬಂಧಪಟ್ಟವರಿಗೆ ಒಂದೇ ಮಾತು. ಸರ್ಕಾರಿ ಗಾಡಿ ಬಿಟ್ಟು, ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಒಂದು ಭಾನುವಾರ ಮಹದೇವಪೇಟೆಯಿಂದ ಗದ್ದಿಗೆವರೆಗೆ ನಡೆದುಕೊಂಡು ಬನ್ನಿ. ಆಮೇಲೂ ನಿಮಗೆ ನಾಚಿಕೆ ಆಗದಿದ್ದರೆ ಆ ಕುರ್ಚಿಯಲ್ಲಿ ಯಾಕಾದರೂ ಕುಳಿತಿದ್ದೀರಿ?

– ಮಡಿಕೇರಿಯ ಒಬ್ಬ ನಿವಾಸಿ