18,500 ರೂಪಾಯಿಯ ಕೇಬಲ್: ಹಣ ವಾಪಸ್ ಕೋರಿ ದೂರು

ಗೆ,
ವ್ಯವಸ್ಥಾಪಕರು,
ಆಡಿಯೋ ಶೋರೂಂ, ಬೆಂಗಳೂರು

ವಿಷಯ: ಡೆಮೊದಲ್ಲಿ ದಾರಿ ತಪ್ಪಿಸಿ ಆರ್‌ಸಿಎ ಕೇಬಲ್ ಮಾರಿದ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ಒಂದು ಮೀಟರ್ ಉದ್ದದ ಆರ್‌ಸಿಎ ಕೇಬಲ್ ಜೋಡಿ ಕೊಂಡೆ. ಸಿಡಿ ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹಾಕಲು. "ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತೆ ಸರ್" ಅಂದಿದ್ದರು ನಿಮ್ಮ ಸಿಬ್ಬಂದಿ. ಮನೆಯಲ್ಲಿ ಹಾಗೇನೂ ಆಗಲಿಲ್ಲ. ಫೋನ್ ಮಾಡಿದರೆ "ನೂರು ಗಂಟೆ ಓಡಬೇಕು, ಆಮೇಲೆ ಪಳಗುತ್ತೆ" ಎಂದರು. ಅದನ್ನೂ ಮಾಡಿದೆ. ಏನೂ ಬದಲಾಗಲಿಲ್ಲ.

ಆಮೇಲೆ ತಮ್ಮನನ್ನು ಸ್ಟ್ಯಾಂಡಿನ ಹಿಂದೆ ಕೂರಿಸಿದೆ. ಅವನು ಕೇಬಲ್ ಬದಲಿಸುತ್ತಿದ್ದ, ಇಲ್ಲವೇ ಬದಲಿಸಿದ ಹಾಗೆ ಸದ್ದು ಮಾಡಿ ಸುಮ್ನಿರುತ್ತಿದ್ದ. ನಾನು ಕೇಳಿ ಬರೆದುಕೊಳ್ಳುತ್ತಿದ್ದೆ. ವಾಲ್ಯೂಮ್ ಮುಟ್ಟಲಿಲ್ಲ. ಗಂಗೂಬಾಯಿ ಹಾನಗಲ್ ಅವರ ದನಿಯ ಹಿಂದೆ ಮಿಡಿಯುವ ತಂಬೂರಿಯನ್ನೇ ಮತ್ತೆ ಮತ್ತೆ ಕೇಳಿದೆ. ನಿಮ್ಮ ಕೇಬಲ್ ಯಾವುದು, ಪ್ಲೇಯರ್ ಜೊತೆ ಪುಕ್ಕಟೆ ಬಂದದ್ದು ಯಾವುದು ಅಂತ ಹೇಳಲು ಆಗಲೇ ಇಲ್ಲ.

ಹಾಗಾದರೆ ಶೋರೂಂನಲ್ಲಿ ವ್ಯತ್ಯಾಸ ಕೇಳಿದ್ದು ಹೇಗೆ? ನನ್ನ ಮುಖ್ಯ ದೂರು ಇದೇ. ಕೇಬಲ್ ಬದಲಿಸುವ ಮೊದಲು ಸಿಬ್ಬಂದಿ ವಾಲ್ಯೂಮ್ ಪೂರ್ತಿ ಇಳಿಸಿದರು. ಅದು ಸರಿಯೇ. ಮತ್ತೆ ಏರಿಸುವಾಗ ಮೊದಲಿಗಿಂತ ಜಾಸ್ತಿ ಇಟ್ಟರು. ಆಂಪ್ಲಿಫೈಯರ್‌ನ ಡಿಸ್ಪ್ಲೇ ಮೊದಲು -32 ಡೆಸಿಬಲ್ ತೋರಿಸುತ್ತಿತ್ತು, ಆಮೇಲೆ -30, ಅಂದರೆ 2 ಡೆಸಿಬಲ್ ಜಾಸ್ತಿ. ಅವತ್ತು ನಾನು ತೆಗೆದ ಫೋಟೊಗಳಲ್ಲಿ ಎರಡೂ ಕಾಣುತ್ತವೆ, ಲಗತ್ತಿಸಿದ್ದೇನೆ. ಇಷ್ಟು ಸಣ್ಣ ಏರಿಕೆ ಎಷ್ಟೋ ಸಲ ಕಿವಿಗೆ ಸದ್ದು ಜಾಸ್ತಿಯಾದಂತೆ ಅನಿಸಲ್ಲ, ಸಂಗೀತವೇ ಚೆನ್ನಾದಂತೆ ಅನಿಸುತ್ತದೆ. ಅದಕ್ಕೇ ಸರಿಯಾಗಿ ಹೋಲಿಸುವವರು 0.1 ಡೆಸಿಬಲ್‌ವರೆಗೂ ಸಮ ಮಾಡಿಕೊಳ್ಳುತ್ತಾರೆ. ಆಡಿಯೋ ಮಾರುವವರಿಗೆ ಇದು ಗೊತ್ತಿರಬೇಕಲ್ವಾ?

ಲೆಕ್ಕವೂ ಕಷ್ಟವಲ್ಲ. ಇಂಥ ಕೇಬಲ್‌ನ ಕೆಪಾಸಿಟೆನ್ಸ್ (ವಿದ್ಯುತ್ ಆವೇಶ ಹಿಡಿದಿಡುವ ಗುಣ, ಇದು ಹೆಚ್ಚಾದರೆ ತೀಕ್ಷ್ಣ ಸ್ವರಗಳು ಕುಗ್ಗುತ್ತವೆ) ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಪ್ಲೇಯರ್‌ನ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್ ಹೊರಬರುವ ಕಡೆಯ ವಿದ್ಯುತ್ ತಡೆ) 200 ಓಮ್ ಇದ್ದರೆ, ಸಿಗ್ನಲ್ ಗಣನೀಯವಾಗಿ ಕುಗ್ಗುವುದು 80 ಲಕ್ಷ ಹರ್ಟ್ಜ್ ಹತ್ತಿರ. ನಮ್ಮ ಕಿವಿ 20 ಸಾವಿರಕ್ಕೇ ನಿಲ್ಲುತ್ತದೆ.

ಕೇಬಲ್‌ನಿಂದ ಎಲ್ಲೂ ವ್ಯತ್ಯಾಸ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ರೆಕಾರ್ಡ್ ಪ್ಲೇಯರ್‌ನ (ಟರ್ನ್‌ಟೇಬಲ್) ಮುಳ್ಳು ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಆದರೆ ಕೆಪಾಸಿಟೆನ್ಸ್ ಹೆಚ್ಚುಕಮ್ಮಿಯಾದದ್ದು ಕೇಳಿಸಬಹುದು. ಕೇಬಲ್ ಒಳಗಿನ ತಂತಿಯನ್ನು ಸುತ್ತಿ ಕಾಪಾಡುವ ಲೋಹದ ಪದರ (ಶೀಲ್ಡ್) ಕಿತ್ತುಹೋಗಿದ್ದರೆ 50 ಹರ್ಟ್ಜ್‌ನ ಗುಂಯ್ ಸದ್ದು ಬರುತ್ತದೆ. ನನಗೆ ಈ ಎರಡೂ ಇರಲಿಲ್ಲ. ನಿಮ್ಮವರು ವಿಚಾರಿಸಲೂ ಇಲ್ಲ.

ಕೇಬಲ್ ವಾಪಸ್ ಪಡೆದು 15 ದಿನದೊಳಗೆ ಪೂರ್ತಿ ಹಣ ಕೊಡಿ. ಇಲ್ಲವೇ ನಿಮ್ಮ ಶೋರೂಂನಲ್ಲೇ, ವಾಲ್ಯೂಮ್ ಅಳೆದು ಸಮ ಮಾಡಿ, ಯಾವ ಕೇಬಲ್ ಎಂದು ಇಬ್ಬರಿಗೂ ತಿಳಿಯದಂತೆ ಹೋಲಿಸೋಣ. ನಿಮ್ಮ ಸಿಬ್ಬಂದಿ ಮತ್ತೆ ಮತ್ತೆ ಸರಿಯಾಗಿ ಗುರುತಿಸಿದರೆ ದೂರು ಹಿಂಪಡೆಯುತ್ತೇನೆ. ಎರಡಕ್ಕೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲಿನ ಪ್ರತಿಯೂ ಜೊತೆಗಿದೆ. ಉತ್ತರ ಬರವಣಿಗೆಯಲ್ಲೇ ಇರಲಿ.

ಇಂತಿ,
ನಿಮ್ಮ ಗ್ರಾಹಕ