ಐದು ಹೆಸರು ಕೇಳಿದ್ದೀಯ, ಎರಡು ಕಳಿಸುತ್ತಿದ್ದೇನೆ

ವಿರಾಜಪೇಟೆ

ಪ್ರಿಯ ರವಿ,

ಮಗಳ ಶಾಲೆಯ ಪ್ರಾಜೆಕ್ಟಿಗೆ ಕೊಡಗಿನ ಐದು ಜನ ಧೀರ ಮಹಿಳೆಯರ ಹೆಸರು, ಒಬ್ಬೊಬ್ಬರ ಬಗ್ಗೆ ನಾಲ್ಕು ನಾಲ್ಕು ಸಾಲು ಕಳಿಸು ಅಂತ ಕೇಳಿದ್ದೀಯ. ಜೊತೆಗೊಂದು ಮಾತು ಬೇರೆ ಸೇರಿಸಿದ್ದೀಯ: "ನಿಮ್ಮ ಕಡೆ ಹೆಂಗಸರಿಗೆ ಮೊದಲಿಂದಲೂ ಗೌರವ ಜಾಸ್ತಿ, ಹೆಸರಿಗೇನು ಕಡಿಮೆ?"

ಗೌರವದ ಮಾತು ಸುಳ್ಳಲ್ಲ ಮಾರಾಯ. ಕೊಡವರಲ್ಲಿ ವರದಕ್ಷಿಣೆಯ ಪದ್ಧತಿ ಇರಲಿಲ್ಲ, ವಿಧವೆಯ ಮರುಮದುವೆಗೆ ಅಡ್ಡಿಯಿರಲಿಲ್ಲ. ಆದರೆ ಗೌರವ ಕೊಟ್ಟವರೆಲ್ಲ ಹೆಸರು ಬರೆದಿಟ್ಟಿದ್ದಾರೆ ಅಂದುಕೊಳ್ಳಬೇಡ. ನಮ್ಮ ತೋಟದ ಹಳೆಯ ಚೆಕ್‌ರೋಲ್ ಪುಸ್ತಕಗಳು, ಅಂದರೆ ಆಳುಗಳ ಹಾಜರಿ-ಕೂಲಿಯ ಲೆಕ್ಕ, ಇನ್ನೂ ಅಟ್ಟದ ಮೇಲಿವೆ. ತಾತನ ಕಾಲದ ರೈಟರ ಅಕ್ಷರ, ನೀಲಿ ಶಾಯಿ, ಗೆದ್ದಲು ತಿಂದ ಅಂಚು. ಗಂಡಾಳುಗಳಿಗೆಲ್ಲ ಹೆಸರುಂಟು: ಚೋಮ, ಕರಿಯ, ಬೆಳ್ಳಿ. ಅವರ ಕೆಳಗಿನ ಸಾಲಿನಲ್ಲಿ "ಚೋಮನ ಹೆಂಡತಿ", "ಕರಿಯನ ತಾಯಿ". ಒಂದು ಕಡೆ "ಹೊಸ ಹೆಂಗಸು" ಅಂತಷ್ಟೇ ಇದೆ. ಅವಳು ಆ ವಾರ ಪೂರ್ತಿ ಕೆಲಸಕ್ಕೆ ಬಂದಿದ್ದಾಳೆ, ಕೂಲಿ ತಗೊಂಡಿದ್ದಾಳೆ, ಪಕ್ಕದಲ್ಲಿ ಹೆಬ್ಬೆಟ್ಟೂ ಒತ್ತಿದ್ದಾಳೆ.

ಇನ್ನು ಧೈರ್ಯ ಅಂದರೆ ನಮ್ಮಲ್ಲಿ ಕೋವಿ. ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಯೂ ಅದಕ್ಕೇ. ಮಡಿಕೇರಿಯಲ್ಲಿ ಒಂದು ಸುತ್ತು ಹಾಕಿದರೆ ಕಾರ್ಯಪ್ಪ, ತಿಮ್ಮಯ್ಯ, ಅಜ್ಜಮಾಡ ದೇವಯ್ಯ, ಗುಡ್ಡೆಮನೆ ಅಪ್ಪಯ್ಯ ಗೌಡ ಎಲ್ಲ ವೀರರೂ ಪ್ರತಿಮೆಯಾಗಿ ಎದುರಾಗುತ್ತಾರೆ. ಅವರ ಬಗ್ಗೆ ನನಗೆ ತಕರಾರಿಲ್ಲ, ನಾವೂ ಅವರ ಹೆಸರು ಬಾಯಿಪಾಠ ಮಾಡಿಯೇ ಬೆಳೆದವರು. ತೊಂದರೆ ಏನೆಂದರೆ, ಕೋವಿಯನ್ನೇ ಅಳತೆಗೋಲು ಮಾಡಿಕೊಂಡು ಹೆಂಗಸರನ್ನು ಹುಡುಕಲು ಹೊರಟರೆ ಕೈಗೆ ಸಿಗುವವರು ಕಡಿಮೆ. ಅವರು ಸಿಗುವುದು ಕಾಗದದಲ್ಲಿ. ಅರ್ಜಿ ಹಾಕಿದವರು, ಕತೆ ಬರೆದವರು, ಕೋರ್ಟಿಗೆ ಹೋದವರು.

ಹಾಗೆ ಹುಡುಕಿದಾಗ ಮೊದಲು ಸಿಗುವವರು ನಮ್ಮ ವಿರಾಜಪೇಟೆಯವರೇ, ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಸಿ.ಬಿ. ಮುತ್ತಮ್ಮ ಅಂದರೆ ನಿನಗೂ ಗೊತ್ತಾಗುತ್ತದೆ, ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿರುತ್ತೀಯ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಯಾರು? ಒಂದು ಅಂಕ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಅವರನ್ನು ನಾವು ಪೂರ್ತಿ ಮರೆತಿಲ್ಲ, ಒಂದು ಅಂಕದಷ್ಟು ನೆನಪಿಟ್ಟಿದ್ದೇವೆ. "ಮೊದಲ" ಅನ್ನುವ ಪದ ಹಚ್ಚಿದ ಮೇಲೆ ಆ ಮನುಷ್ಯರು ಮುಂದೆ ಏನು ಮಾಡಿದರು ಅಂತ ಯಾರೂ ಕೇಳುವುದಿಲ್ಲ.

ಹುಟ್ಟಿದ್ದು 1924ರಲ್ಲಿ. ಅಪ್ಪ ಅರಣ್ಯಾಧಿಕಾರಿ. ಮುತ್ತಮ್ಮನವರಿಗೆ ಒಂಬತ್ತು ವರ್ಷವಾದಾಗ ಅಪ್ಪ ತೀರಿಕೊಂಡರು. ನಾಲ್ಕು ಮಕ್ಕಳನ್ನೂ ಓದಿಸಿದ್ದು ಅಮ್ಮ. ಮಡಿಕೇರಿಯ ಸಂತ ಜೋಸೆಫರ ಶಾಲೆ, ಆಮೇಲೆ ಮದರಾಸಿನಲ್ಲಿ ಕಾಲೇಜು, ಇಂಗ್ಲಿಷ್ ಎಂ.ಎ. 1948ರಲ್ಲಿ ಯು.ಪಿ.ಎಸ್.ಸಿ. ಪರೀಕ್ಷೆ ಪಾಸಾದರು. ಸಂದರ್ಶನದಲ್ಲಿ ಕೂತಿದ್ದ ಹಿರಿಯರು ಈ ಸೇವೆ ಹೆಂಗಸರಿಗೆ ಸರಿಹೋಗುವುದಲ್ಲ, ಬೇಡಮ್ಮ ಅಂತ ಮನಸ್ಸು ತಿರುಗಿಸಲು ನೋಡಿದರು. ಇವರು ತಿರುಗಲಿಲ್ಲ. 1949ರಲ್ಲಿ ಸೇರಿದರು. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಇವರಿಂದ ಬರೆಸಿ ಸಹಿ ಹಾಕಿಸಿಕೊಂಡರು. ಜೊತೆಗೆ ಸೇರಿದ ಗಂಡಸರಿಗೆ ಆ ಕಾಗದ ಇರಲಿಲ್ಲ ಅಂತ ಬೇರೆ ಹೇಳಬೇಕಾ?

1961ರಲ್ಲಿ ಇದೆಲ್ಲ ಅಚ್ಚುಕಟ್ಟಾಗಿ ನಿಯಮವೇ ಆಯಿತು. ಮಗಳಿಗೆ ಇದನ್ನು ನಿಧಾನವಾಗಿ ಓದಿ ಹೇಳು. ಮಹಿಳಾ ಅಧಿಕಾರಿ ಮದುವೆಯಾಗುವ ಮೊದಲು ಸರಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಮನೆ ಸಂಸಾರದಿಂದ ಕೆಲಸಕ್ಕೆ ತೊಡಕಾಗುತ್ತದೆ ಅಂತ ಸರಕಾರಕ್ಕೆ ಯಾವಾಗ ಅನ್ನಿಸಿದರೂ ರಾಜೀನಾಮೆ ಕೇಳಬಹುದು. ಇನ್ನೊಂದು ನಿಯಮದ ಪ್ರಕಾರ, ಮದುವೆಯಾದ ಹೆಂಗಸು ಈ ಸೇವೆಗೆ ನೇಮಕವನ್ನು ಹಕ್ಕು ಅಂತ ಕೇಳುವ ಹಾಗಿಲ್ಲ. ಸಮಾನತೆಯ ಹಕ್ಕು ಸಂವಿಧಾನದಲ್ಲಿ ಬಂದು ಹನ್ನೊಂದು ವರ್ಷ ಆದ ಮೇಲೆ ಬರೆದ ನಿಯಮ ಇದು!

ಮುತ್ತಮ್ಮ ಮದುವೆಯಾಗಲಿಲ್ಲ. ಅದಕ್ಕೆ ಜನ ಕತೆ ಕಟ್ಟುತ್ತಾರೆ, ನಾವು ಕಟ್ಟುವುದು ಬೇಡ. 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಒಳಗಿನಿಂದಲೇ ಮೇಲೆ ಬಂದು ರಾಯಭಾರಿಯಾದ ಮೊದಲ ಮಹಿಳಾ ಅಧಿಕಾರಿ (ನೋಡು, ನಾನೂ ಅದೇ ಪದ ಹಚ್ಚಿದೆ). ಆಮೇಲೆ ಘಾನಾ. ಅಷ್ಟು ಹೊತ್ತಿಗೆ ಮೇಲಿನ ದರ್ಜೆಯ ಬಡ್ತಿ ಬರಬೇಕಿತ್ತು. ಬರಲಿಲ್ಲ. ಕಿರಿಯರಿಗೆ ಬಂತು.

ಆಗ ಅವರು ಮಾಡಿದ್ದನ್ನು ಯೋಚನೆ ಮಾಡು. ವಯಸ್ಸು ಐವತ್ತೈದು. ನಿವೃತ್ತಿಗೆ ಮೂರು ವರ್ಷ. ರಾಯಭಾರಿಯ ಸಂಬಳ, ಬಂಗಲೆ, ಕಾರು ಎಲ್ಲ ಉಂಟು. ನಮ್ಮ ನಿಮ್ಮಂಥವರು "ಆಯ್ತು ಬಿಡು, ಇನ್ನೇನು ಮೂರು ವರ್ಷ" ಅಂತ ಸುಮ್ನೆ ಇರುತ್ತಿದ್ದೆವು. ಅವರು ಕೆಲಸದಲ್ಲಿ ಇದ್ದುಕೊಂಡೇ ಸುಪ್ರೀಂ ಕೋರ್ಟಿಗೆ ಹೋದರು, ಭಾರತ ಸರಕಾರದ ವಿರುದ್ಧ. ಸ್ವಂತ ಬಡ್ತಿಯ ವಿಷಯವೊಂದನ್ನೇ ಹಿಡಿದು ಹೋಗಿದ್ದರೆ ಅದು ಸಾಮಾನ್ಯ ಸರ್ವಿಸ್ ಕೇಸು. ಇವರು ಮದುವೆಯ ನಿಯಮಗಳನ್ನೂ ಎಳೆದು ತಂದರು. ಅವು ಅವರಿಗೆ ಇನ್ನು ತಾಗುವ ನಿಯಮಗಳಲ್ಲ. ಹಿಂದೆ ಬರುವ ಹುಡುಗಿಯರಿಗೆ ತಾಗುವಂಥವು.

ಸರಕಾರ ಏನು ಮಾಡಿತು ಗೊತ್ತಾ? ಕೇಸು ನಡೆಯುತ್ತಿದ್ದ ಹಾಗೆಯೇ ಬಡ್ತಿ ಕೊಟ್ಟಿತು. ಹೇಗ್‌ಗೆ ಹಾಕಿದ್ದೇವೆ, ನೆದರ್ಲೆಂಡ್ಸ್‌ಗೆ ರಾಯಭಾರಿ, ಇನ್ನೇನು ದೂರು ಉಳಿದಿದೆ ಅಂದಿತು. ಒಂದು ನಿಯಮವನ್ನು 1973ರಲ್ಲೇ ತೆಗೆದಿದ್ದೇವೆ, ಇನ್ನೊಂದನ್ನೂ ತೆಗೆಯುತ್ತಿದ್ದೇವೆ ಅಂತ ಹೇಳಿತು. 1979ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಕಾಗದದ ಮೇಲೆ ನೋಡಿದರೆ ಅರ್ಜಿ ವಜಾ. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ವಜಾ ಮಾಡುವ ಮೊದಲು ಸರಕಾರಕ್ಕೆ ಚೆನ್ನಾಗಿ ಛೀಮಾರಿ ಹಾಕಿದ್ದಾರೆ. ಸಂಸಾರದಿಂದ ಹೆಂಗಸಿನ ಕೆಲಸ ಕೆಡುತ್ತದೆ ಅನ್ನುವುದಾದರೆ ಗಂಡಸಿನದೂ ಕೆಡಬಹುದಲ್ಲ ಅನ್ನುವುದು ಅವರ ವಾದದ ತಿರುಳು. ಇಂಥ ನಿಯಮ ಬೇರೆಲ್ಲೂ ಉಳಿಯದ ಹಾಗೆ ಸೇವಾ ನಿಯಮಗಳನ್ನೆಲ್ಲ ಜಾಲಾಡಬೇಕು, ಇವರ ಹಿರಿತನವನ್ನೂ ಮತ್ತೆ ನೋಡಬೇಕು ಅಂದರು.

ನಾನು ಆ ತೀರ್ಪನ್ನು ಓದಿದಾಗ ತಡೆದು ನಿಂತದ್ದು "ವಜಾ" ಅನ್ನುವಲ್ಲಿ. ಸೋತ ಕೇಸಿನ ಪಟ್ಟಿಯಲ್ಲಿ ಇರುವ ಗೆಲುವು ಇದು. ಮಗಳ ಚಾರ್ಟಿನಲ್ಲಿ ಇದನ್ನು ಹೇಗೆ ತೋರಿಸುತ್ತಾಳೋ ಅವಳಿಗೇ ಬಿಡು.

1982ರಲ್ಲಿ ನಿವೃತ್ತರಾದರು. ಅವರು ಮಾಡಿದ್ದು ರಾಯಭಾರದ ಕೆಲಸ ಒಂದೇ ಅಲ್ಲ. ಸ್ವೀಡನ್ನಿನ ನಾಯಕ ಓಲೋಫ್ ಪಾಮೆ ನಡೆಸಿದ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದ ಕಡೆಯಿಂದ ಇದ್ದವರು ಇವರೇ. ಅಣ್ವಸ್ತ್ರದ ಲೆಕ್ಕ ಹಾಕಿದ ಅದೇ ಕೈ ಇನ್ನೊಬ್ಬರ ಜೊತೆ ಸೇರಿ ಕೊಡವರ ಅಡುಗೆ ಪುಸ್ತಕವನ್ನೂ ಬರೆದಿದೆ! ನನಗೆ ಇದು ಬಹಳ ಇಷ್ಟ. 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಎರಡನೆಯವರು ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಗಂಡ ಸುಂಟಿಕೊಪ್ಪ ಹತ್ತಿರದ ಗುಂಡುಕುಟ್ಟಿ ತೋಟದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಕಾಫಿ ಗಿಡಗಳ ನಡುವೆ ಕೂತು ಇವರು ಕತೆ ಬರೆದರು. ವಿಧವೆಯರ ಬಗ್ಗೆ, ಹೇಳದೆ ಕೇಳದೆ ಆಗಿಹೋದ ಮದುವೆಗಳ ಬಗ್ಗೆ, ತಪ್ಪು ಗಂಡಸಿನದಾದರೂ ಶಿಕ್ಷೆ ಹೆಂಗಸಿಗೆ ಬೀಳುವ ಬಗ್ಗೆ. ಒಂದು ಕತೆಯ ಹೆಸರೇ "ಅಪರಾಧಿ ಯಾರು?" ಅದೂ 1930ರ ದಶಕದಲ್ಲಿ. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತನ್ನ ಮನೆಗೂ ಬರಬೇಕು, ಇಲ್ಲದಿದ್ದರೆ ಊಟ ಮಾಡುವುದಿಲ್ಲ ಅಂತ ಹಠ ಹಿಡಿದರು. ಗಾಂಧೀಜಿಯ ಅಸ್ತ್ರವನ್ನೇ ಗಾಂಧೀಜಿಯ ಮೇಲೆ! ಅವರು ಬಂದರು, ಇವರು ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು.

ಇಷ್ಟೆಲ್ಲ ಧೈರ್ಯದ ಹೆಂಗಸು ಕತೆಗಳ ಕೆಳಗೆ ಹಾಕುತ್ತಿದ್ದ ಹೆಸರು ಮಾತ್ರ "ಮಿಸೆಸ್ ಬಿ.ಟಿ.ಜಿ. ಕೃಷ್ಣ." ನಮ್ಮ ಚೆಕ್‌ರೋಲಿನ ರೈಟರೇ ಬಂದು ಬರೆದ ಹಾಗೆ. ಆದರೆ ಇದು ಅವರೇ ಆರಿಸಿಕೊಂಡ ಹೆಸರು, ಹಾಗಾಗಿ ನಾನು ಅಯ್ಯೋ ಅನ್ನುವುದಿಲ್ಲ. ಬಹುಶಃ ಆ ಹೆಸರಿನ ಮರೆಯಲ್ಲಿ ನಿಂತಿದ್ದರಿಂದಲೇ ಅಷ್ಟು ನೇರವಾಗಿ ಬರೆಯಲು ಆಯಿತೇನೋ. 1939ರ ಏಪ್ರಿಲ್‌ನಲ್ಲಿ ಈಜಲು ಇಳಿದವರು ಮೇಲೆ ಬರಲಿಲ್ಲ. ವಯಸ್ಸು ಇಪ್ಪತ್ತೇಳು. ಬೇಂದ್ರೆಯವರು ತಂಗಿ ಅಂತಲೇ ಕರೆದು ಅವರ ಮೇಲೆ ಪದ್ಯ ಬರೆದರು. ಕತೆಗಳು "ಕಂಬನಿ", "ಚಿಗುರು" ಅಂತ ಪುಸ್ತಕಗಳಾಗಿ ಬಂದಿವೆ.

ಇನ್ನೊಬ್ಬ ಗೌರಮ್ಮ ಇದ್ದಾಳೆ, ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜನ ಮಗಳು. ಮಗಳಿಗೆ ರಾಜಕುಮಾರಿ ಬೇಕೇ ಬೇಕು ಅಂದರೆ ಇವಳನ್ನು ಹಾಕಿಕೊಳ್ಳಲಿ. ಹನ್ನೊಂದು ವರ್ಷದವಳನ್ನು ಅಪ್ಪ 1852ರಲ್ಲಿ ಲಂಡನ್‌ಗೆ ಕರೆದುಕೊಂಡು ಹೋದ. ಅದೇ ವರ್ಷ ಕ್ರೈಸ್ತ ದೀಕ್ಷೆ ಕೊಡಿಸಿದ. ವಿಕ್ಟೋರಿಯಾ ರಾಣಿ ತನ್ನ ಹೆಸರನ್ನೇ ಕೊಟ್ಟು ಧರ್ಮತಾಯಿಯಾದಳು. 1864ರಲ್ಲಿ, ಇನ್ನೂ ಎಳೆ ವಯಸ್ಸಿನಲ್ಲಿ ಕ್ಷಯದಿಂದ ಸತ್ತಳು, ಮಣ್ಣಾದದ್ದೂ ಅಲ್ಲೇ. ನನಗೆ ಅವಳ ಬಗ್ಗೆ ಸಂಕಟವಿದೆ. ಆದರೆ ಅವಳ ಬದುಕಿನ ತೀರ್ಮಾನಗಳನ್ನೆಲ್ಲ ಬೇರೆಯವರೇ ಮಾಡಿದರು. ಧೀರೆಯರ ಪಟ್ಟಿಗೆ ಸೇರಿಸಿ ಅವಳಿಗೆ ಇನ್ನೊಂದು ಹೊರೆ ಹೊರಿಸಲು ನನಗೆ ಇಷ್ಟವಿಲ್ಲ.

ಟೀಚರ್ ಐದೇ ಬೇಕು ಅಂದರೆ ಉಮ್ಮತ್ತಾಟ್ ಅನ್ನುವ ಕೊಡವ ಜಾನಪದ ನೃತ್ಯದ ರಾಣಿ ಮಾಚಯ್ಯನವರನ್ನು ಸೇರಿಸು, 2023ರಲ್ಲಿ ಪದ್ಮಶ್ರೀ ಬಂತಲ್ಲ, ಫೋಟೋ ಸುಲಭವಾಗಿ ಸಿಗುತ್ತದೆ. ಉಳಿದ ಜಾಗದಲ್ಲಿ ನಿನ್ನ ಅತ್ತೆಯ ಬಗ್ಗೆ ಬರೆಸು. ಗಂಡ ಹೋದ ಮೇಲೆ ಆ ತೋಟವನ್ನು ಹೇಗೆ ಉಳಿಸಿಕೊಂಡರು ಅಂತ ಮೊಮ್ಮಗಳು ಒಮ್ಮೆಯಾದರೂ ಕೂತು ಕೇಳಿದ್ದಾಳಾ?

ಆಮೇಲೆ ಒಂದು ಕೆಲಸ. ನನ್ನ ಹತ್ತಿರ ಇದ್ದ "ಚಿಗುರು" ಯಾರೋ ಓದಲು ಒಯ್ದವರು ವಾಪಸ್ ಕೊಟ್ಟಿಲ್ಲ. ಮೈಸೂರಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕರೆ ಎರಡು ಪ್ರತಿ ತಗೋ. ಒಂದು ಮಗಳಿಗೆ, ಇನ್ನೊಂದು ನನಗೆ. ದುಡ್ಡು ಬಂದಾಗ ಕೊಡುತ್ತೇನೆ.

ನಿನ್ನ ಗೆಳತಿ