ಪುಟ್ಟಿಗೆ, ಪಳಗಿಸುವ ಕೆಲಸದ ಬಗ್ಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾಯಿಗಳಿಗೆ ಕಲಿಸುವ ನಿನ್ನ ಕೆಲಸದ ಬಗ್ಗೆ ನೀನು ಬರೆದ ಪತ್ರ ಬಂದು ಎಂಟು ದಿನವಾಯಿತು. ಓದಿದ ಕೂಡಲೇ ಉತ್ತರ ಬರೆಯಲು ಕುಳಿತವನು ಎರಡು ಸಾಲು ಗೀಚಿ ಹರಿದು ಹಾಕಿದೆ. ಮೂವತ್ತು ವರ್ಷ ಕುದುರೆಗಳ ಬೆನ್ನು ಹತ್ತಿದ್ದವನಿಗೆ ನಿನ್ನ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ ಎಂದು ನಾಚಿಕೆಯೂ ಆಯಿತು. "ದೊಡ್ಡಪ್ಪ, ಈ ನಾಯಿಗಳು ಕೂರು ಎಂದರೆ ಕೂರುವುದು ತಿನಿಸಿಗಾಗಿಯೋ, ಸಂತೋಷದಿಂದಲೋ? ಒಂದು ಹಿಡಿ ತಿನಿಸು ತೋರಿಸಿ ಬಾಯಿಲ್ಲದ ಜೀವವನ್ನು ಕುಣಿಸುವ ಕೆಲಸ ನನಗೆ ಬೇಕೇ?" ಎಂದು ಕೇಳಿದ್ದೀಯೆ.

ತಿನಿಸಿನ ಮಾತನ್ನು ಮೊದಲು ಮುಗಿಸೋಣ, ಅದು ಸುಲಭ. ನನಗೂ ತಿಂಗಳ ಸಂಬಳ ಬರುತ್ತಿತ್ತು. ಅದು ನಿಂತಿದ್ದರೆ ನಾನು ಲಾಯದ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗೆಂದು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದುದು ಸಂಬಳಕ್ಕಾಗಿ ಮಾತ್ರ ಎಂದರೆ ಅದು ಹಸಿ ಸುಳ್ಳು. ಪ್ರಾಣಿಗಳಲ್ಲಿಯೂ ಇಂಥದ್ದೇನೋ ಇದೆ. 1963ರಲ್ಲಿ ಗ್ಲೆನ್ ಜೆನ್ಸೆನ್ ಎಂಬ ಸಂಶೋಧಕರು ಇಲಿಗಳ ಮುಂದೆ ಬಟ್ಟಲಿನಲ್ಲಿ ಆಹಾರ ಇಟ್ಟು, ಅಲ್ಲೇ ಸನ್ನೆಕೋಲು ಒತ್ತಿದರೆ ಅದೇ ಆಹಾರ ಬೀಳುವ ಏರ್ಪಾಡನ್ನೂ ಮಾಡಿದರು. ಪುಕ್ಕಟೆ ಊಟ ಕಣ್ಣೆದುರಿಗಿದ್ದರೂ ಇಲಿಗಳು ಸನ್ನೆಕೋಲು ಒತ್ತಿ, ದುಡಿದು ತಿಂದವು. ಮುಂದೆ ಪಾರಿವಾಳ, ಕೋಳಿ, ಕೋತಿಗಳಲ್ಲಿಯೂ ಇದನ್ನು ಕಂಡರು. ಬೆಕ್ಕು ಮಾತ್ರ ನೇರವಾಗಿ ಬಟ್ಟಲಿಗೇ ಬಾಯಿ ಹಾಕಿತು. ಬೆಕ್ಕು ಸಾಕಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ವೊಲ್ಫ್ರಾಮ್ ಷುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸುರಿಸುವ ಕೋಶಗಳನ್ನು ಗಮನಿಸಿದರು. ಪಾಠ ಕಲಿತ ಮೇಲೆ ಆ ಕೋಶಗಳು ಮಿಡಿಯುತ್ತಿದ್ದುದು ಹಣ್ಣಿನ ರಸ ನಾಲಿಗೆಗೆ ಬಿದ್ದಾಗಲ್ಲ, ರಸ ಬರಲಿದೆ ಎಂಬ ಸೂಚನೆ ಕಂಡಾಗ. ತಿನಿಸು ಬರಲಿದೆ ಎಂದು ಸೂಚಿಸಲು ಟಿಕ್ ಎನ್ನಿಸುವ ಆ ಪುಟ್ಟ ಕ್ಲಿಕ್ಕರ್ ಅನ್ನು ನೀನು ಒತ್ತಿದ ಕ್ಷಣ ನಾಯಿಯ ಕಿವಿ ನಿಮಿರುವುದನ್ನು ನೋಡಿರುತ್ತೀಯೆ. ತಿನಿಸು ಇನ್ನೂ ನಿನ್ನ ಚೀಲದಲ್ಲೇ ಇರುತ್ತದೆ. ತಾನು ಮಾಡಿದ್ದರಿಂದ ಜಗತ್ತಿನಲ್ಲಿ ಏನೋ ನಡೆಯಿತು ಎಂದು ಅದಕ್ಕೆ ಗೊತ್ತಾದ ಗಳಿಗೆ ಅದು. ತಿನಿಸು ಕೊಡಲು ಸಂಕೋಚಪಡಬೇಡ.

ನನ್ನ ನಿದ್ದೆ ಕೆಡಿಸಿದ್ದು ನಿನ್ನ ಪತ್ರದ ಇನ್ನೊಂದು ಸಾಲು. "ಒಂದು ನಾಯಿ ಮಾತ್ರ ತುಂಬಾ ಒಳ್ಳೆಯದು, ಏನು ಮಾಡಿದರೂ ಸುಮ್ಮನಿರುತ್ತದೆ" ಎಂದು ಬರೆದಿದ್ದೀಯೆ. ಇದಕ್ಕೆ ಉತ್ತರವಾಗಿ ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ಆಗ ನನಗೆ ಇಪ್ಪತ್ತಾರು. ಲಾಯಕ್ಕೆ ಬೂದು ಬಣ್ಣದ ಹೆಣ್ಣು ಕುದುರೆಯೊಂದು ಬಂತು. ಲಗಾಮು ಹಾಕು, ಜೀನು ಬಿಗಿ, ಗೊರಸು ಎತ್ತು, ಯಾವುದಕ್ಕೂ ತಕರಾರಿಲ್ಲ, ಕಲ್ಲಿನಂತೆ ನಿಲ್ಲುತ್ತಿತ್ತು. ಉಳಿದವರ ಕುದುರೆಗಳು ಒದೆಯುತ್ತಿದ್ದರೆ ನನ್ನದು ಮಿಸುಕುತ್ತಿರಲಿಲ್ಲ. ಎಲ್ಲವೂ ನನ್ನ ಕೈಗುಣ ಎಂದು ಎದೆಯುಬ್ಬಿಸಿ ತಿರುಗಿದೆ. ಅಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಒಂದು ಮಧ್ಯಾಹ್ನ ನನ್ನನ್ನು ಕರೆದು, "ಅದರ ಕಣ್ಣಿನ ಮೂಲೆ ನೋಡು" ಎಂದರು. ನೊಣವೊಂದು ಕುಳಿತಿತ್ತು. ಬೇರೆ ಯಾವ ಕುದುರೆಯಾದರೂ ತಲೆ ಕೊಡವುತ್ತಿತ್ತು. ಇದು ರೆಪ್ಪೆಯನ್ನೂ ಬಡಿಯಲಿಲ್ಲ. "ನೊಣ ಓಡಿಸಿದರೂ ಪ್ರಯೋಜನವಿಲ್ಲ ಎಂದು ಯಾರೋ ಕಲಿಸಿದ್ದಾರೆ. ನೀನು ಅದನ್ನೇ ಮುಂದುವರಿಸುತ್ತಿದ್ದೀಯೆ" ಎಂದು ಹೇಳಿ ಅವರು ತಮ್ಮ ಕೆಲಸಕ್ಕೆ ಹೋದರು.

ಎಷ್ಟೋ ವರ್ಷಗಳ ಮೇಲೆ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ಪ್ರಕಟಿಸಿದ ಪ್ರಯೋಗದ ವಿವರ ಓದಿದೆ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ಗಿಡ್ಡ ಅಡ್ಡಗೋಡೆ ಹಾರಿದರೆ ಸಾಕು ಪಾರಾಗಬಹುದಾದ ಜಾಗಕ್ಕೆ ಬಿಟ್ಟರೂ ಅವುಗಳಲ್ಲಿ ಬಹಳಷ್ಟು ಹಾರಲಿಲ್ಲ, ಕುಂಯ್‌ಗುಡುತ್ತ ಬಿದ್ದುಕೊಂಡವು. ಅಂಥ ಕ್ರೌರ್ಯವನ್ನು ನಾನು ಸಮರ್ಥಿಸಲಾರೆ. ಆದರೆ ಓದುವಾಗ ನನ್ನ ಬೂದು ಕುದುರೆ ಕಣ್ಣಿಗೆ ಕಟ್ಟಿತು.

ಹಿರಿಯರು ಅಂದು ಹಾಗೆ ಹೇಳಿದ ಮೇಲೆ ಆರು ತಿಂಗಳು ನನಗೆ ಒಂದೇ ಕೆಲಸ. ಬ್ರಶ್ ಹಿಡಿದು ಹತ್ತಿರ ಹೋಗುವುದು, ಅದು ಒಂದಿಷ್ಟು ಮುಖ ತಿರುಗಿಸಿದರೂ ಹಿಂದೆ ಸರಿಯುವುದು. ಮೊದಮೊದಲು ಮುಖ ತಿರುಗಿಸುವುದಿರಲಿ, ಉಸಿರು ಕೂಡ ಬದಲಾಗುತ್ತಿರಲಿಲ್ಲ. ಮೂರನೆಯ ವಾರದಲ್ಲಿ ಎಡಗಿವಿಯ ತುದಿ ಅಲುಗಿತು. ನಾನು ಬೆಂಕಿ ಕಂಡವನಂತೆ ಹಿಂದಕ್ಕೆ ಹಾರಿದೆ. ಕುದುರೆ ತಲೆಯೆತ್ತಿ ನನ್ನನ್ನು ನೋಡಿತು. ನಾನು ಅಲ್ಲಿರುವುದು ಅದಕ್ಕೆ ಅಂದೇ ಗೊತ್ತಾದಂತಿತ್ತು. ಆಮೇಲೆ ಕಾಲು ಕೊಡವಿತು, ಬಾಲ ಬೀಸಿತು, ಕೊನೆಗೊಂದು ದಿನ ಜೀನು ಬಿಗಿಯುವಾಗ ಅವಸರ ಮಾಡಿದೆನೆಂದು ನನ್ನ ತೋಳನ್ನು ಕಚ್ಚಿಯೇಬಿಟ್ಟಿತು. ಹಿರಿಯರು ನಕ್ಕು, "ಈಗ ಜೀವ ಬಂತು" ಎಂದರು. ನನ್ನ ತೋಳಿನ ಮೇಲಿನ ಗುರುತು ಏನೆಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಬೇಲಿ ತರಚಿದ್ದು ಎಂದು ನಾನು ಸುಳ್ಳು ಹೇಳಿದ್ದೆ.

ಆದ್ದರಿಂದ, ಏನು ಮಾಡಿದರೂ ಸುಮ್ಮನಿರುವ ಆ ನಾಯಿಯನ್ನು ಒಳ್ಳೆಯದು ಎನ್ನುವ ಮುಂಚೆ ಅದು ನೊಣ ಓಡಿಸುತ್ತದೆಯೇ ನೋಡು. ಬೇಡ ಎಂದು ಅದು ಹೇಳಬಲ್ಲದೇ? ಹೇಳಿದರೆ ಅಲ್ಲಿ ಯಾರಿಗಾದರೂ ಕೇಳಿಸುತ್ತದೆಯೇ? ಬೇಡ ಎನ್ನಲು ಬರದ ಪ್ರಾಣಿಯ ಹೂಂ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಎಷ್ಟೋ ಮೃಗಾಲಯಗಳಲ್ಲಿ ಈಗ ಚಿಂಪಾಂಜಿಗಳಿಗೆ ರಕ್ತ ತೆಗೆಸಿಕೊಳ್ಳಲು ತಾವಾಗಿ ತೋಳು ಚಾಚುವುದನ್ನು ಕಲಿಸುತ್ತಾರೆ. ಮನಸ್ಸಿಲ್ಲದಿದ್ದರೆ ಅವು ಎದ್ದು ಹೋಗಬಹುದು, ಶಿಕ್ಷೆಯಿಲ್ಲ. ಹೋಗುವ ಸ್ವಾತಂತ್ರ್ಯವಿದ್ದೂ ಸೂಜಿಗೆ ತೋಳೊಡ್ಡಿ ಕುಳಿತ ಪ್ರಾಣಿಯನ್ನು ಕಂಡರೆ ತರಬೇತಿಯೆಂದರೆ ಗುಲಾಮಗಿರಿ ಎನ್ನುವವರ ಬಾಯಿಯೂ ಸ್ವಲ್ಪ ಹೊತ್ತು ಕಟ್ಟೀತು. ಅವರ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಬಾರಿನ ತುದಿ ನಮ್ಮ ಕೈಯಲ್ಲೇ ಇರುತ್ತದಲ್ಲ.

ಬಾಲ ಆಡಿಸಿದರೆ ಖುಷಿಯಾಗಿದೆ ಎಂದುಕೊಂಡು ಮೋಸಹೋಗಬೇಡ. 2007ರಲ್ಲಿ ಇಟಲಿಯ ಸಂಶೋಧಕರು ಅಳೆದು ನೋಡಿದಾಗ, ಯಜಮಾನನನ್ನು ಕಂಡ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ವಾಲುತ್ತಿತ್ತು, ಅಪರಿಚಿತವಾದ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. ಬಾಲ ಎರಡೂ ಸಲ ಆಡಿತ್ತು. ನೀನು ಅಳತೆಪಟ್ಟಿ ಹಿಡಿದು ಹೊರಡಬೇಕಿಲ್ಲ, ಬಾಲದ ಜೊತೆಗೆ ಬಾಯಿ, ಕಿವಿ, ಭುಜಗಳನ್ನೂ ನೋಡುವುದನ್ನು ರೂಢಿಸಿಕೋ.

ಪ್ರಾಣಿಗೆ ಯಾವ ಕೆಲಸ ಕೊಡುತ್ತೇವೆ ಎನ್ನುವುದೂ ಮುಖ್ಯ. ಕೆಲ್ಲರ್ ಮತ್ತು ಮರಿಯನ್ ಬ್ರೆಲೆಂಡ್ ಎಂಬ ದಂಪತಿ ಸಾವಿರಾರು ಪ್ರಾಣಿಗಳಿಗೆ ಕಲಿಸಿದವರು. ಮರದ ನಾಣ್ಯವನ್ನು ಕಚ್ಚಿ ತಂದು ಡಬ್ಬಿಗೆ ಹಾಕಲು ಅವರು ಹಂದಿಗೆ ಕಲಿಸಿದರು. ಹಂದಿ ಬೇಗ ಕಲಿತಿತು. ಕೆಲವು ವಾರ ಕಳೆಯುವಷ್ಟರಲ್ಲಿ ದಾರಿ ಮಧ್ಯೆ ನಾಣ್ಯ ಬೀಳಿಸಿ, ಮೂತಿಯಿಂದ ಕೆದಕಿ, ಎತ್ತಿ ಎಸೆದು, ಮತ್ತೆ ಕೆದಕತೊಡಗಿತು. ಹೀಗೆ ತಡಮಾಡಿದರೆ ಊಟಕ್ಕೇ ಕುತ್ತು, ಆದರೂ ಬಿಡಲಿಲ್ಲ. 1961ರಲ್ಲಿ ಬರೆದ ಲೇಖನದಲ್ಲಿ ಬ್ರೆಲೆಂಡರು ಇದನ್ನು, ಬಹುಮಾನ ಕೊಟ್ಟು ಕಲಿಸುವ ತಮ್ಮ ಶಾಸ್ತ್ರದ ಸೋಲೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಕೆದಕುವುದು ಹಂದಿಯ ಹುಟ್ಟುಗುಣ. ನಿನ್ನ ನಾಯಿಗಳಲ್ಲಿ ಮೂಗು ನೆಲಕ್ಕೆ ಹಚ್ಚಿದ್ದನ್ನು ಎತ್ತದವು ಇದ್ದರೆ ಅವುಗಳಿಗೆ ಹುಡುಕುವ ಕೆಲಸ ಕೊಡು. ನೆಟ್ಟಗೆ ನಡೆಯುವ ಪಾಠ ಒಂದು ವಾರ ತಡವಾದರೆ ಯಾರ ಗಂಟೂ ಹೋಗುವುದಿಲ್ಲ.

ಇನ್ನು ನಿನ್ನ ಸಂತೋಷದ ಮಾತು. ನೀನು ಕೇಳಲಿಲ್ಲ, ಆದರೆ ಪತ್ರದುದ್ದಕ್ಕೂ ಅದರ ಕೊರತೆ ಕಾಣುತ್ತಿತ್ತು. ಬರ್ಲಿನ್ನಿನಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಮಾಡುತ್ತದೆ ಎಂದು ಜನ ಮುಗಿಬೀಳುತ್ತಿದ್ದರು. ಆಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ 1907ರಲ್ಲಿ ಗುಟ್ಟು ಬಿಡಿಸಿದರು: ಸರಿಯುತ್ತರ ಬಂದಾಗ ಪ್ರಶ್ನೆ ಕೇಳಿದವರ ತಲೆ ಅವರಿಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಗುಟ್ಟು ತಿಳಿದ ಮೇಲೂ ಫುಂಗ್ಸ್ಟ್ ತಮ್ಮ ತಲೆ ಅಲುಗುವುದನ್ನು ತಡೆಯಲಾರದೆ ಹೋದರು. ಹ್ಯಾನ್ಸ್‌ಗೆ ಲೆಕ್ಕ ಬಾರದು ಎಂದು ಜನ ನಿರಾಶರಾದರಂತೆ! ಮನುಷ್ಯನನ್ನು ಅಷ್ಟು ಓದಬಲ್ಲ ಜೀವಕ್ಕೆ ಗಣಿತ ಬೇರೆ ಬೇಕೇ? ನೀನು ಬೇಸರ ಹೊತ್ತು ಕೆಲಸಕ್ಕೆ ಹೋದರೆ ಬಾರಿನ ಆ ತುದಿಯಲ್ಲಿರುವುದಕ್ಕೆ ನಿನಗಿಂತ ಮೊದಲು ಗೊತ್ತಾಗಿರುತ್ತದೆ. ಅಂಥ ದಿನ ಪಾಠ ಬೇಡ, ಸುಮ್ಮನೆ ಜೊತೆಗೆ ನಡೆದು ಬಾ.

ನಮ್ಮ ಮಾತಿನಲ್ಲಿ ಪ್ರಾಣಿಯೂ ಪಳಗುತ್ತದೆ, ಕೆಲಸ ಮಾಡುವವರ ಕೈಯೂ ಪಳಗುತ್ತದೆ. ಈ ಕಸುಬಿನಲ್ಲಿ ಎರಡೂ ಒಟ್ಟಿಗೇ ನಡೆಯಬೇಕು. ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದ ಕ್ಯಾರೆನ್ ಪ್ರಯರ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಒಂದು ಡಾಲ್ಫಿನ್‌ಗೆ, ಹಿಂದೆಂದೂ ಮಾಡದ್ದನ್ನು ಮಾಡಿದರೆ ಮಾತ್ರ ಮೀನು ಎಂಬ ಕಟ್ಟಳೆ ಇಟ್ಟರು. ಕೆಲವು ದಿನ ಅದು ಹಳೆಯದನ್ನೇ ಮಾಡಿ ಕಂಗೆಟ್ಟಿತು. ಒಮ್ಮೆ ಗುಟ್ಟು ಹೊಳೆದದ್ದೇ ತಡ, ಯಾರೂ ಕಂಡಿರದ ಪಲ್ಟಿಗಳನ್ನೂ ಜಾರಾಟಗಳನ್ನೂ ತಾನೇ ಹೆಣೆಯತೊಡಗಿತು. ಅಂದು ಆ ಕೊಳದ ಬಳಿ ನಿಂತಿದ್ದವರ ಮುಖ ಹೇಗಿದ್ದೀತು ಎಂದು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಹೇಳಿದ್ದನ್ನು ಮಾಡುವ ಪ್ರಾಣಿಯಿಂದ ಸಿಗುವುದು ಸಮಾಧಾನ. ನಮಗೆ ತೋಚದ್ದನ್ನು ಅದು ಮುಂದಿಟ್ಟಾಗ ಸಿಗುವುದಕ್ಕೆ ನನ್ನಲ್ಲಿ ಹೆಸರಿಲ್ಲ. ಆ ಕಚ್ಚುಗಾಯದ ಉರಿಯಲ್ಲಿ ಅದು ನನಗೆ ಒಂದಿಷ್ಟು ಸಿಕ್ಕಿತ್ತು.

ಉಗುರು ಕತ್ತರಿ ಕಂಡರೆ ಪಂಜ ಎಳೆದುಕೊಳ್ಳುವ ಆ ಕಂದು ನಾಯಿಯನ್ನು ಅದುಮಿ ಹಿಡಿಯಲು ಹೇಳಿದ್ದಾರೆ ಎಂದಿದ್ದೀಯೆ. ಹಿಡಿಯಬೇಡ. ಕತ್ತರಿಯನ್ನು ನೆಲದ ಮೇಲಿಟ್ಟು ದೂರ ಕುಳಿತುಕೋ, ಅದು ತಾನಾಗಿ ಬಂದು ಮೂಸಲಿ. ಪಂಜ ಎಳೆದುಕೊಂಡಾಗಲೆಲ್ಲ ನೀನು ಕೈ ಬಿಡು. ದಿನಕ್ಕೆ ಒಂದು ಉಗುರಾದರೂ ಸಾಕು. ಮೇಲಿನವರು ಗದರಿದರೆ ನನ್ನ ಹೆಸರು ಹೇಳಿ ಉಪಯೋಗವಿಲ್ಲ, ಅವರಿಗೆ ನಾನು ಯಾರೋ. ಒಂದು ತಿಂಗಳು ಕಾಲಾವಕಾಶ ಕೇಳಿಕೋ. ಅದು ಪಂಜ ಕೊಟ್ಟ ದಿನ ನನಗೆ ಬರೆ.

ಮತ್ತೊಂದು. ತೋಳಿನ ಗುರುತಿನ ವಿಷಯ ನಿನ್ನ ದೊಡ್ಡಮ್ಮನಿಗೆ ಹೇಳಬೇಡ. ಅವಳೂ ಇಷ್ಟು ವರ್ಷ ಅದನ್ನು ಬೇಲಿ ತರಚಿದ್ದೆಂದೇ ನಂಬಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ